ಮೀಸಲು: ಬೆಟ್ಟದ ಸರೋವರದ ಓಟದಲ್ಲಿ ಒಂದು ಲೆಕ್ಕಶಾಸ್ತ್ರದ ಪಾಠ



‘ಮೀಸಲು’ ಎಂಬ ಪದ ವಾಣಿಜ್ಯ ವಿಭಾಗದ ನಮಗೆಲ್ಲ ಗೊತ್ತು. ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಪಾಠದ ಜೊತೆಯಲ್ಲೇ ಪ್ರೊವಿಷನ್ ಮತ್ತು ಮೀಸಲುಗಳ ಪಾಠ ಬರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಪರೀಕ್ಷೆಗೆಂದು ಬರೆದು ಬರೆದು ಕಲಿಯುತ್ತೇವೆ. ಇದೇ ಪದವನ್ನು ಅರಣ್ಯ ಇಲಾಖೆಯೂ ಬಳಸುತ್ತದೆ: ಮೀಸಲು ಅರಣ್ಯ, ಮೀಸಲು ಪ್ರದೇಶ. ಒಂದು ಪದ ಎರಡು ಕಡೆ ಬಂದಿರುವುದು ಆಕಸ್ಮಿಕವಲ್ಲ. ಇಂದಿನ ಲಾಭಕ್ಕಾಗಿ ಪೂರ್ತಿ ಖರ್ಚು ಮಾಡದೆ ನಾಳೆಗೆಂದು ತೆಗೆದಿಡುವುದೇ ಎರಡರ ಅರ್ಥ.

ಈ ಲೇಖನದಲ್ಲಿ ಆ ಎರಡು ಮೀಸಲುಗಳನ್ನೂ ಒಂದೇ ದಾರಿಯಲ್ಲಿ ನೋಡೋಣ. ಆ ದಾರಿ ಒಂದು ಓಟದ ದಾರಿ. ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತದಲ್ಲಿ, ಒಂದು ನಿಸರ್ಗ ಮೀಸಲು ಪ್ರದೇಶದ ಒಳಗೆ, ಎತ್ತರದ ಸರೋವರವೊಂದಕ್ಕೆ ಹೋಗುತ್ತದೆ. ನಾನು ಆಲ್ಪ್ಸ್ ನೋಡಿದವಳಲ್ಲ. ಓದಿ ತಿಳಿದದ್ದನ್ನು ನಮ್ಮ ಪಾಠದ ಲೆಕ್ಕಕ್ಕೆ ಹಾಕಿ ನೋಡಿದ್ದೇನೆ, ಅಷ್ಟೇ. ಪೆನ್ನು, ನೋಟ್ ಪುಸ್ತಕ ಹತ್ತಿರ ಇಟ್ಟುಕೊಳ್ಳಿ. ನಡುವೆ ಲೆಕ್ಕಗಳಿವೆ.

1. ಟ್ರೈಲ್ ರನ್ನಿಂಗ್ ಎಂದರೇನು?

ರಸ್ತೆ ಅಥವಾ ಮೈದಾನದ ಟ್ರ್ಯಾಕ್ ಬಿಟ್ಟು, ಕಾಡು-ಗುಡ್ಡಗಳ ಕಾಲುದಾರಿಯಲ್ಲಿ ಓಡುವುದಕ್ಕೆ ಟ್ರೈಲ್ ರನ್ನಿಂಗ್ ಎನ್ನುತ್ತಾರೆ. ಕಲ್ಲು, ಬೇರು, ಕೆಸರು, ಏರು, ಇಳಿಜಾರು ಎಲ್ಲವೂ ಅದರಲ್ಲಿ ಸೇರಿವೆ. ನಮ್ಮ ಕಾಲೇಜು ಕ್ರೀಡಾಕೂಟದ 3000 ಮೀಟರ್ ಓಟದಲ್ಲಿ ವೇಗವೇ ಮುಖ್ಯ. ಟ್ರೈಲ್ ಓಟದಲ್ಲಿ ಮೊದಲು ಬರುವುದು ಲೆಕ್ಕಾಚಾರ, ಆಮೇಲೆ ವೇಗ.

ಒಂದು ಉದಾಹರಣೆ. ಮೌಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ ಯು.ಟಿ.ಎಂ.ಬಿ. ಎಂಬ ಓಟ 2003ರಲ್ಲಿ ಆರಂಭವಾಯಿತು. ಸುಮಾರು 170 ಕಿ.ಮೀ. ದೂರ, ಒಟ್ಟು ಸುಮಾರು 10,000 ಮೀಟರ್ ಏರು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರು ದೇಶಗಳ ಮೂಲಕ ಹಾದು ಬರಬೇಕು. 2022ರಲ್ಲಿ ಸ್ಪೇನಿನ ಕಿಲಿಯನ್ ಜೋರ್ನೆಟ್ ಇದನ್ನು 20 ಗಂಟೆಗಿಂತ ಸ್ವಲ್ಪ ಕಡಿಮೆ ಸಮಯದಲ್ಲಿ ಮುಗಿಸಿ ನಾಲ್ಕನೇ ಬಾರಿ ಗೆದ್ದರು. ಭಾಗಿಸಿ ನೋಡಿ. ಗಂಟೆಗೆ 9 ಕಿ.ಮೀ. ಕೂಡ ಬರುವುದಿಲ್ಲ. ನಮ್ಮ ತರಗತಿಯ ಯಾರೇ ಆದರೂ ಮೈದಾನದಲ್ಲಿ ಒಂದು ಸುತ್ತಿನ ಮಟ್ಟಿಗೆ ಆ ವೇಗದಲ್ಲಿ ಓಡಬಲ್ಲರು. ಆದರೆ ಲೋಕದ ಶ್ರೇಷ್ಠ ಓಟಗಾರ ಆ ವೇಗದಲ್ಲಿ ಓಡಿದ್ದು ಕೈಲಾಗದೆ ಅಲ್ಲ, ಕೊನೆಯವರೆಗೂ ಉಳಿಯಬೇಕು ಎಂದು. ಕಡಿದಾದ ಏರಿನಲ್ಲಿ ಇಂಥ ಓಟಗಾರರೂ ಮಂಡಿಯ ಮೇಲೆ ಕೈ ಊರಿ ನಡೆಯುತ್ತಾರೆ. ಅಲ್ಲಿ ಓಡುವುದಕ್ಕಿಂತ ನಡೆಯುವುದು ದೇಹಕ್ಕೆ ಅಗ್ಗ.

2. ನಾವು ಆರಿಸಿಕೊಂಡ ದಾರಿ

ಶಮೋನಿ ಎಂಬುದು ಫ್ರಾನ್ಸಿನ ಒಂದು ಕಣಿವೆಯ ಊರು, ಎತ್ತರ ಸುಮಾರು 1,035 ಮೀಟರ್. ಮೊದಲ ಚಳಿಗಾಲದ ಒಲಿಂಪಿಕ್ಸ್ 1924ರಲ್ಲಿ ನಡೆದದ್ದು ಇಲ್ಲಿಯೇ. ಕಣಿವೆಯ ಒಂದು ಕಡೆ 4,800 ಮೀಟರಿಗೂ ಎತ್ತರದ ಮೌಂಟ್ ಬ್ಲಾಂಕ್. ಎದುರು ಕಡೆ ‘ಎಗ್ವಿ ರೂಜ್’ ಎಂಬ ಬೆಟ್ಟಸಾಲು. ಹೆಸರಿನ ಅರ್ಥ ಕೆಂಪು ಸೂಜಿಗಳು. ಈ ಬೆಟ್ಟಸಾಲಿನ ಒಂದು ಭಾಗವನ್ನು 1974ರಲ್ಲಿ ನಿಸರ್ಗ ಮೀಸಲು ಪ್ರದೇಶವೆಂದು ಘೋಷಿಸಿದರು. ವಿಸ್ತೀರ್ಣ ಸುಮಾರು 3,279 ಹೆಕ್ಟೇರ್.

ಅದರ ಒಳಗೆ 2,352 ಮೀಟರ್ ಎತ್ತರದಲ್ಲಿ ‘ಲಾಕ್ ಬ್ಲಾಂ’, ಅಂದರೆ ಬಿಳಿ ಸರೋವರ ಇದೆ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದಕ್ಕಿಂತಲೂ 400 ಮೀಟರ್ ಮೇಲೆ ಈ ಸರೋವರದ ನೀರಿದೆ. ಜೂನ್ ತಿಂಗಳಲ್ಲೂ ಅದರ ಮೇಲೆ ಹಿಮಗಡ್ಡೆ ಇರುವುದುಂಟು. ಕರಗಿದ ಮೇಲೆ ಗಾಳಿ ನಿಂತ ದಿನ ಎದುರಿನ ಹಿಮಶಿಖರಗಳೆಲ್ಲ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತವೆ. ಆ ನೋಟಕ್ಕಾಗಿಯೇ ಜನ ಏರುತ್ತಾರೆ.

ಅಲ್ಲಿಗೆ ಹೋಗಲು ಹಲವು ದಾರಿಗಳಿವೆ. ನಾವು ‘ಕೋಲ್ ದೆ ಮೋಂತೆ’ ಎಂಬ ಕಣಿವೆದಾರಿಯಿಂದ ಹೊರಡೋಣ. ಅದರ ಎತ್ತರ 1,461 ಮೀಟರ್. ದಾರಿ ಮೊದಲು ಸುತ್ತಿ ಸುತ್ತಿ ಏರಿ, ಹುಲ್ಲುಗಾವಲು ಮತ್ತು ಬಂಡೆಗಳನ್ನು ದಾಟಿ, ಶೆಸೆರಿ ಎಂಬ ಚಿಕ್ಕ ಕೆರೆಗಳ ಬಳಿ ಬರುತ್ತದೆ. ಅಲ್ಲಿಂದ ಕೊನೆಯ ಏರು. ಕೆಲವು ಕಡೆ ಏಣಿ, ಮೆಟ್ಟಿಲುಗಳೂ ಇವೆ. ದೂರವನ್ನು ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಕಡೆಗೆ 6 ಕಿ.ಮೀ. ಎಂದು ಇಟ್ಟುಕೊಳ್ಳೋಣ. ಏರು 2,352 ಕಳೆ 1,461, ಅಂದರೆ 891 ಮೀಟರ್.

3. ಮೊದಲ ಲೆಕ್ಕ: ಏರಿನ ವಿನಿಮಯ ದರ

ಡಾಲರು ಮತ್ತು ರೂಪಾಯಿಯನ್ನು ಹಾಗೆಯೇ ಕೂಡಿಸಲು ಬರುವುದಿಲ್ಲ. ವಿನಿಮಯ ದರ ಬೇಕು. ದೂರ ಮತ್ತು ಏರಿನ ವಿಷಯದಲ್ಲೂ ಹಾಗೆಯೇ. ಇದಕ್ಕೆ ಎರಡು ದರಗಳು ಬಳಕೆಯಲ್ಲಿವೆ.

ಮೊದಲನೆಯದು 1892ರದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ನಿಯಮ. ನಡಿಗೆಗೆ ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಈಗ ಇದನ್ನು 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ ಎಂದು ಬಳಸುತ್ತಾರೆ.

ನಮ್ಮ ದಾರಿಗೆ ಹಾಕಿದರೆ:
ದೂರಕ್ಕೆ: 6 ÷ 5 = 1.2 ಗಂಟೆ, ಅಂದರೆ 1 ಗಂಟೆ 12 ನಿಮಿಷ.
ಏರಿಗೆ: 891 ÷ 600 = 1.485 ಗಂಟೆ, ಅಂದರೆ ಸುಮಾರು 1 ಗಂಟೆ 29 ನಿಮಿಷ.
ಒಟ್ಟು: 2 ಗಂಟೆ 41 ನಿಮಿಷ.

ಗಮನಿಸಿ. ದೂರಕ್ಕಿಂತ ಏರಿನ ಖರ್ಚೇ ಹೆಚ್ಚು. ನಕಾಶೆಯಲ್ಲಿ ಬೆರಳಿಟ್ಟು ಬರೀ ದೂರ ಅಳೆದವರು ಅರ್ಧಕ್ಕಿಂತ ಹೆಚ್ಚು ಖರ್ಚನ್ನು ಬಜೆಟ್ಟಿನಿಂದ ಬಿಟ್ಟಂತೆ.

ಎರಡನೆಯ ದರ ಟ್ರೈಲ್ ಓಟಗಾರರದು. 100 ಮೀಟರ್ ಏರು 1 ಕಿ.ಮೀ. ಸಮತಟ್ಟಾದ ಓಟಕ್ಕೆ ಸಮ. ಆ ಲೆಕ್ಕದಲ್ಲಿ ನಮ್ಮ ದಾರಿ 6 + 8.9, ಅಂದರೆ ಸುಮಾರು 15 ‘ಶ್ರಮದ ಕಿಲೋಮೀಟರ್’. ಮೇಲೆ ಹೇಳಿದ 170 ಕಿ.ಮೀ. ಓಟ ಈ ದರದಲ್ಲಿ 270 ಆಗುತ್ತದೆ.

ಇದರ ಜೊತೆಗೆ ಗಾಳಿಯ ಲೆಕ್ಕವೂ ಇದೆ. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಶೇಕಡಾವಾರು ಪ್ರಮಾಣ ಬದಲಾಗುವುದಿಲ್ಲ, ಎಲ್ಲ ಕಡೆ ಸುಮಾರು 21. ಕಡಿಮೆಯಾಗುವುದು ಗಾಳಿಯ ಒತ್ತಡ. 2,352 ಮೀಟರಿನಲ್ಲಿ ಒತ್ತಡ ಸಮುದ್ರಮಟ್ಟದ ಸುಮಾರು ನಾಲ್ಕರಲ್ಲಿ ಮೂರು ಭಾಗ ಮಾತ್ರ. ಒಂದೊಂದು ಉಸಿರಿಗೂ ಕಾಲು ಭಾಗ ಕಡಿತ ಬಿದ್ದಂತೆ. ಶೇಕಡಾವಾರು ಅದೇ, ಮೂಲಧನ ಕಡಿಮೆ. ಬಡ್ಡಿ ಲೆಕ್ಕ ಮಾಡುವ ನಮಗೆ ಇದು ಬೇಗ ಅರ್ಥವಾಗಬೇಕು. ಇನ್ನು ಪ್ರತಿ 1,000 ಮೀಟರಿಗೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಶಮೋನಿಯಲ್ಲಿ 20 ಡಿಗ್ರಿ ಇದ್ದರೆ ಸರೋವರದ ಬಳಿ 11 ಅಥವಾ 12. ಬೆವರಿನಲ್ಲಿ ನೆನೆದ ಬಟ್ಟೆಗೆ ಗಾಳಿ ಸೇರಿದರೆ ಅದಕ್ಕೂ ಕಡಿಮೆ ಇದ್ದಂತೆ ಮೈ ನಡುಗುತ್ತದೆ.

4. ಎರಡನೇ ಲೆಕ್ಕ: ದೇಹದ ಎರಡು ಖಾತೆಗಳು

ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಇದೆ, ಮುದ್ದತು ಠೇವಣಿ ಇದೆ. ದೇಹದಲ್ಲೂ ಇವೆರಡೂ ಇವೆ.

ಚಾಲ್ತಿ ಖಾತೆ ಎಂದರೆ ಗ್ಲೈಕೋಜನ್. ಅನ್ನ, ರೊಟ್ಟಿ, ಬಾಳೆಹಣ್ಣಿನಿಂದ ಬಂದ ಶರ್ಕರಪಿಷ್ಟವನ್ನು ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಹೀಗೆ ಕೂಡಿಡುತ್ತದೆ. ವಯಸ್ಕರಲ್ಲಿ ಇದು ಸುಮಾರು 400ರಿಂದ 500 ಗ್ರಾಂ. ಗ್ರಾಮಿಗೆ 4 ಕ್ಯಾಲೊರಿಯಂತೆ 1,600ರಿಂದ 2,000 ಕ್ಯಾಲೊರಿ. ಬೇಕೆಂದಾಗ ತಕ್ಷಣ ತೆಗೆಯಬಹುದು.

ಮುದ್ದತು ಠೇವಣಿ ಎಂದರೆ ಕೊಬ್ಬು. ತೆಳ್ಳಗಿರುವವರಲ್ಲೂ ಹತ್ತಾರು ಸಾವಿರ ಕ್ಯಾಲೊರಿ ಇರುತ್ತದೆ. ಹಣ ಬಹಳ ಇದೆ, ಆದರೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ರಂಜಾನ್ ತಿಂಗಳಲ್ಲಿ ಸಹರಿ ಮುಗಿಸಿ ಕಾಲೇಜಿಗೆ ಬರುವ ನಮಗೆ ಇದು ಅನುಭವದಿಂದ ಗೊತ್ತಿರುವ ಸಂಗತಿ. ಸಂಜೆ ನಾಲ್ಕರ ಹೊತ್ತಿಗೂ ನಡೆಯಬಹುದು, ಪಾಠ ಕೇಳಬಹುದು. ಆದರೆ ಬಸ್ಸು ಹಿಡಿಯಲು ಓಡಬೇಕಾಗಿ ಬಂದರೆ ಕಾಲು ಏಳುವುದಿಲ್ಲ.

ಈಗ ಏರಿನ ಖರ್ಚು ನೋಡೋಣ. 60 ಕಿಲೋ ತೂಕದ ಒಬ್ಬರು ಎಂದುಕೊಳ್ಳಿ. ಸಮತಟ್ಟಾದ ಕಡೆ ಓಡಲು ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಸುಮಾರು 1 ಕ್ಯಾಲೊರಿ ಬೇಕು. ಆದ್ದರಿಂದ 6 ಕಿ.ಮೀ.ಗೆ 360. ಇನ್ನು 60 ಕಿಲೋವನ್ನು 891 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ 60 × 9.8 × 891, ಸುಮಾರು 5,24,000 ಜೂಲ್, ಅಂದರೆ 125 ಕ್ಯಾಲೊರಿ. ಆದರೆ ಸ್ನಾಯು ಪೂರ್ತಿ ದಕ್ಷ ಯಂತ್ರವಲ್ಲ. ಸುಮಾರು ಕಾಲು ಭಾಗ ಮಾತ್ರ ಕೆಲಸವಾಗುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ನಿಜವಾದ ಖರ್ಚು ನಾಲ್ಕು ಪಟ್ಟು, 500. ಒಟ್ಟು 860 ಕ್ಯಾಲೊರಿ.

ಇದನ್ನು ಹಿಂದಿನ ವಿನಿಮಯ ದರದೊಂದಿಗೆ ತಾಳೆ ನೋಡಿ. 14.9 ಶ್ರಮದ ಕಿಲೋಮೀಟರ್ × 60 = 894. ಎರಡು ಬೇರೆ ಬೇರೆ ದಾರಿಯಲ್ಲಿ ಹೋದರೂ ಉತ್ತರ ಹತ್ತಿರ ಹತ್ತಿರ. ತಾಳೆಪಟ್ಟಿಯ ಎರಡು ಬದಿ ಸರಿಹೊಂದಿದಾಗ ಆಗುವ ಸಂತೋಷ ನನಗೆ ಇಲ್ಲಿ ಆಯಿತು.

ಮರಳಿ ಬರಲು ಇನ್ನೊಂದು 300 ಸೇರಿಸಿದರೆ ಒಟ್ಟು ಸುಮಾರು 1,160. ಚಾಲ್ತಿ ಖಾತೆಯಲ್ಲಿ 1,800 ಇದ್ದರೆ ಅದರ ಮೂರರಲ್ಲಿ ಎರಡು ಭಾಗದಷ್ಟು. ಎಲ್ಲ ಖರ್ಚೂ ಆ ಖಾತೆಯಿಂದಲೇ ಹೋಗುವುದಿಲ್ಲ ನಿಜ. ಆದರೆ ವೇಗ ಹೆಚ್ಚಿದಷ್ಟೂ ದೇಹ ಚಾಲ್ತಿ ಖಾತೆಗೇ ಕೈ ಹಾಕುತ್ತದೆ. ಅದು ಬರಿದಾದಾಗ ಓಟಗಾರರ ಕಾಲು ಸೀಸದಂತಾಗುತ್ತದೆ, ತಲೆ ಮಂಕಾಗುತ್ತದೆ. ತಲೆ ಮಂಕಾದಾಗಲೇ ಸರಿಯಾದ ನಿರ್ಧಾರ ಬೇಕಾಗುವುದು. ಅಪಾಯ ಇರುವುದೇ ಅಲ್ಲಿ. ಆದ್ದರಿಂದ ಅನುಭವಿಗಳು ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನುತ್ತಾರೆ. ಖಾತೆ ಖಾಲಿಯಾದ ಮೇಲೆ ಜಮಾ ಮಾಡಲು ಓಡುವುದಲ್ಲ, ಆಗಾಗ ಜಮಾ ಮಾಡುತ್ತಿರುವುದು.

5. ಇಳಿಜಾರು ಎಂಬ ಉದ್ರಿ ವ್ಯಾಪಾರ

ಇಳಿಯುವಾಗ ಉಸಿರಿಗೆ ಸುಲಭ, ಖರ್ಚೇ ಇಲ್ಲ ಎನಿಸುತ್ತದೆ. ಆದರೆ ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಬಿಗಿಹಿಡಿದು ದೇಹದ ಭಾರವನ್ನು ತಡೆಯಬೇಕು. ಆಗ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ನೋವು ತಕ್ಷಣ ಬರುವುದಿಲ್ಲ. ಒಂದರಿಂದ ಮೂರು ದಿನದ ಒಳಗೆ ಮೆಟ್ಟಿಲು ಇಳಿಯುವಾಗ ಬರುತ್ತದೆ. ಅಂಗಡಿಯ ಉದ್ರಿ ಪುಸ್ತಕದ ಹಾಗೆ. ಸಾಮಾನು ಇಂದು, ಬಾಕಿ ವಸೂಲಿ ನಾಳೆ. ಹಣ ಕೈಬಿಟ್ಟ ದಿನವೇ ಖರ್ಚು ಎಂದು ಬರೆಯುವವರಿಗೆ ಇಳಿಜಾರು ಪುಕ್ಕಟೆ. ಖರ್ಚು ಹುಟ್ಟಿದ ದಿನವೇ ಬರೆಯುವವರಿಗೆ ಮಾತ್ರ ಸತ್ಯ ಗೊತ್ತು.

6. ಪ್ರೊವಿಷನ್ ಬೇರೆ, ಮೀಸಲು ಬೇರೆ

ಪಾಠವನ್ನು ನೆನಪಿಸಿಕೊಳ್ಳಿ. ಬರುವುದು ಖಚಿತ, ಎಷ್ಟು ಎಂಬುದು ಖಚಿತವಲ್ಲ, ಅಂಥ ನಷ್ಟಕ್ಕೆ ಇಡುವುದು ಪ್ರೊವಿಷನ್. ಅದು ಲಾಭದ ಮೇಲಿನ ಹೊರೆ, ಲಾಭ ಇರಲಿ ಇಲ್ಲದಿರಲಿ ಮಾಡಲೇಬೇಕು. ಏನು ಬರುತ್ತದೋ ಗೊತ್ತಿಲ್ಲದ್ದಕ್ಕೆ ಸಂಸ್ಥೆಯನ್ನು ಗಟ್ಟಿ ಮಾಡಲು ಲಾಭದಿಂದ ತೆಗೆದಿಡುವುದು ಮೀಸಲು.

ಬೆಟ್ಟದ ಓಟದಲ್ಲಿ ಪ್ರೊವಿಷನ್ ಎಂದರೆ ಬೆನ್ನಚೀಲ. ದೊಡ್ಡ ಓಟಗಳಲ್ಲಿ ನೀರು, ಆಹಾರ, ತಲೆಗೆ ಟೋಪಿ ಇರುವ ಮಳೆಯ ಜಾಕೆಟ್, ಮೈ ಬೆಚ್ಚಗಿಡುವ ತೆಳು ಹೊದಿಕೆ, ಸೀಟಿ, ತಲೆಗೆ ಕಟ್ಟುವ ದೀಪ, ಮೊಬೈಲ್ ಇವೆಲ್ಲ ಕಡ್ಡಾಯ. ಆಕಾಶ ಎಷ್ಟೇ ತಿಳಿಯಾಗಿದ್ದರೂ ಹೊರಲೇಬೇಕು. ಬಿಸಿಲಿದ್ದರೆ ಜಾಕೆಟ್ ಏಕೆ ಎಂದು ಕೇಳುವುದು, ಈ ವರ್ಷ ಲಾಭವಿಲ್ಲ, ಪ್ರೊವಿಷನ್ ಏಕೆ ಎಂದು ಕೇಳಿದಂತೆ.

ಮೀಸಲು ಎಂದರೆ ಸಮಯ. ಆಲ್ಪ್ಸ್‌ನಲ್ಲಿ ಬೇಸಿಗೆಯ ಗುಡುಗು-ಸಿಡಿಲು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಆದ್ದರಿಂದ ಮಧ್ಯಾಹ್ನ 1 ಗಂಟೆಗೆ ಕೆಳಗೆ ಇರಬೇಕು ಎಂದು ಇಟ್ಟುಕೊಳ್ಳೋಣ. ಬೆಳಿಗ್ಗೆ 7ಕ್ಕೆ ಹೊರಟರೆ ಕೈಯಲ್ಲಿರುವುದು 6 ಗಂಟೆ.

ಏರಲು: 2 ಗಂಟೆ 41 ನಿಮಿಷ (ಸರೋವರ 9:41ಕ್ಕೆ)
ಅಲ್ಲಿ ಉಳಿಯಲು: 30 ನಿಮಿಷ (10:11ರವರೆಗೆ)
ಇಳಿಯಲು: 1 ಗಂಟೆ 45 ನಿಮಿಷ (ಕೆಳಗೆ 11:56ಕ್ಕೆ)
ಮೀಸಲು: 1 ಗಂಟೆ 4 ನಿಮಿಷ

ಇದರಿಂದ ಒಂದು ಅಮೂಲ್ಯ ಸಂಖ್ಯೆ ಸಿಗುತ್ತದೆ: 10:11. ಸರೋವರ ಸಿಗಲಿ ಬಿಡಲಿ, 10:11ಕ್ಕೆ ಮುಖ ಕೆಳಗೆ ತಿರುಗಿಸಬೇಕು. ಇದನ್ನು ಹಿಂತಿರುಗುವ ಗಂಟೆ ಎನ್ನೋಣ. ಇದನ್ನು ಮನೆಯಲ್ಲಿ, ತಲೆ ತಣ್ಣಗಿರುವಾಗ ಬರೆಯಬೇಕು. ಬೆಟ್ಟದ ಮೇಲೆ ನಿಂತು ಬರೆಯುವಂತಿಲ್ಲ.

‘ಇನ್ನೂ 1 ಗಂಟೆ 4 ನಿಮಿಷ ಉಳಿದಿದೆಯಲ್ಲ, ಅದನ್ನು ಬಳಸಿ ಸರೋವರ ಮುಟ್ಟಬಾರದೇ?’ ಎಂದು ಕೇಳಬಹುದು. ಬಂಡವಾಳ ಮೀಸಲನ್ನು ಸಾಮಾನ್ಯವಾಗಿ ಲಾಭಾಂಶವಾಗಿ ಹಂಚುವುದಿಲ್ಲ. ಆ ಸಮಯ ಇರುವುದು ಉಳುಕಿದ ಪಾದಕ್ಕೆ, ತಪ್ಪಿದ ದಾರಿಗೆ, ದಾರಿಯಲ್ಲಿ ಕುಸಿದು ಕುಳಿತ ಇನ್ನೊಬ್ಬರಿಗೆ. ನೋಟಕ್ಕೆ ಅಲ್ಲ.

7. ಮುಳುಗಿದ ವೆಚ್ಚ

ಈಗ ಕಷ್ಟದ ಪ್ರಶ್ನೆ. 10:11 ಆಗಿದೆ. ನೀವು ಶೆಸೆರಿ ಕೆರೆಗಳ ಬಳಿ ಇದ್ದೀರಿ. 650 ಮೀಟರಿಗೂ ಹೆಚ್ಚು ಏರಿ ಆಗಿದೆ. ಉಳಿದದ್ದು ಸುಮಾರು 200 ಮೀಟರ್. ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿದೆ. ಎಲ್ಲರ ಬಾಯಲ್ಲೂ ಒಂದೇ ಮಾತು ಬರುತ್ತದೆ: ‘ಇಷ್ಟು ದೂರ ಬಂದಾಯಿತಲ್ಲ.’

ಅರ್ಥಶಾಸ್ತ್ರದಲ್ಲಿ ಇದಕ್ಕೆ ಮುಳುಗಿದ ವೆಚ್ಚ ಎಂದು ಹೆಸರು. ಈಗಾಗಲೇ ಖರ್ಚಾದ, ಯಾವ ನಿರ್ಧಾರದಿಂದಲೂ ಮರಳಿ ಬಾರದ ವೆಚ್ಚ. ಮೇಲೆ ಹೋದರೂ ಆ 650 ಮೀಟರಿನ ಬೆವರು ಮರಳಿ ಬರುವುದಿಲ್ಲ, ಕೆಳಗೆ ಹೋದರೂ ಬರುವುದಿಲ್ಲ. ಎರಡು ಬದಿಯಲ್ಲೂ ಇರುವ ಮೊತ್ತವನ್ನು ಹೊಡೆದುಹಾಕಬಹುದು. ಉಳಿಯುವ ಪ್ರಶ್ನೆ ಒಂದೇ: ಇಲ್ಲಿಂದ ಮುಂದಿನ ಖರ್ಚು ಎಷ್ಟು, ಮುಂದಿನ ಲಾಭ ಎಷ್ಟು?

ಇದು ಬರೀ ಪುಸ್ತಕದ ಮಾತಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಬೆಟ್ಟದ ಓಟವೊಂದು ನಡೆಯಿತು. 172 ಜನ ಓಡಿದರು. ಮಧ್ಯಾಹ್ನದ ಹೊತ್ತಿಗೆ ಎತ್ತರದ ಭಾಗದಲ್ಲಿ ಆಲಿಕಲ್ಲು, ತಣ್ಣನೆಯ ಮಳೆ, ಬಿರುಗಾಳಿ ಒಟ್ಟಿಗೆ ಬಂದವು. ಹಲವರ ಮೈಮೇಲೆ ತೆಳು ಅಂಗಿ, ಚಡ್ಡಿ ಮಾತ್ರ. ಗಾಳಿ ತಡೆಯುವ ಜಾಕೆಟ್ ಆ ಓಟದ ಕಡ್ಡಾಯ ಪಟ್ಟಿಯಲ್ಲಿ ಇರಲಿಲ್ಲ. 21 ಜನ ತೀರಿಕೊಂಡರು. ಅವರಲ್ಲಿ ಚೀನಾದ ಅತ್ಯುತ್ತಮ ದೂರದ ಓಟಗಾರರೂ ಇದ್ದರು. ಬೇಗ ನಿರ್ಧರಿಸಿ ಹಿಂತಿರುಗಿದ ಹಲವರು ಬದುಕಿ ಬಂದರು. ಅಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬರು ತಮ್ಮ ಗುಹೆಯಂಥ ಆಸರೆಯಲ್ಲಿ ಬೆಂಕಿ ಹಾಕಿ ಆರು ಜನರನ್ನು ಉಳಿಸಿದರು.

ಸತ್ತವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಪ್ರೊವಿಷನ್ ಮಾಡಬೇಕಾದವರು ಓಟ ನಡೆಸುವವರು ಕೂಡ. ಆದರೆ ಕ್ರೀಡೆಯ ಬಗ್ಗೆ ಮಾತಾಡುವಾಗ ನಾವು ಕೊನೆ ಮುಟ್ಟಿದವರಿಗೆ ಮಾತ್ರ ಚಪ್ಪಾಳೆ ತಟ್ಟುತ್ತೇವೆ. ಅರ್ಧದಲ್ಲಿ ತಿರುಗಿದವರನ್ನು ಸೋತವರು ಎನ್ನುತ್ತೇವೆ. ಅಂಗಡಿಯೊಂದು ನಷ್ಟ ಕಾಣುತ್ತಿರುವಾಗ ಇನ್ನಷ್ಟು ಸಾಲ ಮಾಡಿ ನಡೆಸುವವರನ್ನು ಧೈರ್ಯವಂತರು ಎಂದು ನಮ್ಮ ಯಾವ ಪುಸ್ತಕವೂ ಹೇಳುವುದಿಲ್ಲ. ಬೆಟ್ಟಕ್ಕೆ ಮಾತ್ರ ಬೇರೆ ನಿಯಮ ಏಕೆ?

8. ಬೆಟ್ಟದ ಖಾತೆ

ಇಲ್ಲಿಯವರೆಗೆ ನೋಡಿದ್ದು ಓಟಗಾರರ ಜಮಾ-ಖರ್ಚು. ಆದರೆ ದಾರಿ ಒಂದು ಮೀಸಲು ಪ್ರದೇಶದೊಳಗೆ ಹಾದುಹೋಗುತ್ತದೆ. ಅದಕ್ಕೂ ಒಂದು ಖಾತೆ ಇದೆ. ಅಲ್ಲಿ ಸಹಿ ಮಾಡುವವರು ಯಾರೂ ಇಲ್ಲ.

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಜಿಡಿಪಿ ಪಾಠದ ಕೊನೆಗೆ ‘ಬಾಹ್ಯತೆಗಳು’ ಎಂಬ ಭಾಗ ಬರುತ್ತದೆ. ಒಬ್ಬರ ಕೆಲಸದ ವೆಚ್ಚವನ್ನು ಹಣ ಪಡೆಯದ ಇನ್ನೊಬ್ಬರು ಹೊರುವುದು. ನದಿಗೆ ಕೊಳಕು ಬಿಡುವ ಕಾರ್ಖಾನೆ, ಮೀನು ಸಿಗದ ಮೀನುಗಾರರ ಉದಾಹರಣೆ ನಿಮಗೆ ನೆನಪಿರಬಹುದು. ಬೆಟ್ಟದಲ್ಲಿ ಅದು ಹೀಗಿರುತ್ತದೆ.

ಮಾರ್ಮಟ್ ಎಂಬ ದಪ್ಪ ಅಳಿಲಿನಂಥ ಪ್ರಾಣಿ ಅಲ್ಲಿ ಬಿಲಗಳಲ್ಲಿ ವಾಸಿಸುತ್ತದೆ. ವರ್ಷದ ಸುಮಾರು ಆರು ತಿಂಗಳು ಹಿಮದ ಕೆಳಗೆ ನಿದ್ರೆಯಲ್ಲಿರುತ್ತದೆ. ಅಷ್ಟೂ ದಿನ ಬದುಕುವುದು ಬೇಸಿಗೆಯಲ್ಲಿ ಮೇದು ಕೂಡಿಟ್ಟ ಕೊಬ್ಬಿನಿಂದ. ಅದರ ಮುದ್ದತು ಠೇವಣಿಗೆ ಜಮಾ ಆಗುವ ಕಾಲ ಬೇಸಿಗೆ ಮಾತ್ರ. ನಾವು ದಾರಿ ಬಿಟ್ಟು ಹತ್ತಿರ ಹೋದಾಗಲೆಲ್ಲ ಅದು ಸೀಟಿ ಹೊಡೆದಂತೆ ಕೂಗಿ, ಮೇಯುವುದನ್ನು ಬಿಟ್ಟು ಬಿಲಕ್ಕೆ ಓಡುತ್ತದೆ. ಒಬ್ಬರು ಹೋದರೆ ಒಂದು ನಿಮಿಷದ ನಷ್ಟ. ದಿನಕ್ಕೆ ನೂರಾರು ಜನ ಹೋದರೆ?

ದಾರಿ ಸುತ್ತಿ ಸುತ್ತಿ ಏರುವ ಕಡೆ ಕೆಲವರು ಅಡ್ಡದಾರಿ ಹಿಡಿದು ನೇರ ಇಳಿಯುತ್ತಾರೆ. ಓಟಗಾರರಿಗೆ ಅರ್ಧ ನಿಮಿಷ ಲಾಭ. ಆದರೆ ಹುಲ್ಲು ಕಿತ್ತ ಜಾಗದಲ್ಲಿ ಮಳೆನೀರು ಹರಿದು ಮಣ್ಣು ಕೊಚ್ಚುತ್ತದೆ. ವರ್ಷದ ಬಹುಭಾಗ ಹಿಮ ಮುಚ್ಚಿರುವ ಎತ್ತರದಲ್ಲಿ ಗಿಡ ಬೆಳೆಯಲು ಸಿಗುವುದು ಕೆಲವೇ ವಾರ. ಅರ್ಧ ನಿಮಿಷದಲ್ಲಿ ಆದ ಗಾಯ ಮಾಯಲು ಹಲವು ವರ್ಷ ಬೇಕು. ಅದಕ್ಕೇ ಈ ಮೀಸಲು ಪ್ರದೇಶದಲ್ಲಿ ನಾಯಿಗಳನ್ನು ಕರೆತರುವುದು, ಹೂ ಕೀಳುವುದು ನಿಷಿದ್ಧ. ದಾರಿಯಲ್ಲೇ ನಡೆಯಿರಿ ಎಂದು ಹೇಳುವುದೂ ಅದಕ್ಕೇ.

ಮೀಸಲು ಇಟ್ಟದ್ದರಿಂದ ಲಾಭವಾಯಿತೇ ಎಂದು ಕೇಳಿದರೆ ಐಬೆಕ್ಸ್ ಎಂಬ ಕಾಡುಮೇಕೆಯ ಕಥೆ ನೋಡಿ. 19ನೇ ಶತಮಾನದ ಆರಂಭಕ್ಕೆ ಬೇಟೆಯಿಂದ ಆಲ್ಪ್ಸ್ ಉದ್ದಕ್ಕೂ ಅದು ಹೆಚ್ಚುಕಡಿಮೆ ನಾಶವಾಗಿತ್ತು. ಇಟಲಿಯ ಗ್ರಾನ್ ಪರಾದೀಸೊ ಎಂಬ ಒಂದೇ ಬೆಟ್ಟಸಾಲಿನ ಸುತ್ತ ಅಲ್ಪಸಂಖ್ಯೆಯಲ್ಲಿ ಉಳಿದಿತ್ತು. 1856ರಲ್ಲಿ ದೊರೆ ಎರಡನೇ ವಿಕ್ಟರ್ ಇಮ್ಯಾನುಯೆಲ್ ಅದನ್ನು ತನ್ನ ಬೇಟೆಗೆ ಮೀಸಲಿಟ್ಟ. ಉದ್ದೇಶ ಸ್ವಾರ್ಥದ್ದೇ. ಆದರೂ ಬೇರೆಯವರ ಬೇಟೆ ನಿಂತದ್ದರಿಂದ ಅವು ಉಳಿದವು. 1922ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಇಂದು ಎಗ್ವಿ ರೂಜ್ ಬಂಡೆಗಳ ಮೇಲೆ ಓಟಗಾರರ ಕಣ್ಣಿಗೆ ಬೀಳುವ ಐಬೆಕ್ಸ್‌ಗಳು ಆ ಉಳಿಕೆಯ ಸಂತತಿ. ಚಿಕ್ಕ ಮೂಲಧನವನ್ನು ಮುಟ್ಟದೆ ಬಿಟ್ಟರೆ ಅದು ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

9. ಮಿತಿ ಹಾಕುವವರು ಯಾರು?

ಲಾಕ್ ಬ್ಲಾಂ ಸರೋವರದ ಕಡೆಗೆ ಕೇಬಲ್ ಕಾರ್ ಕೂಡ ಇದೆ. ಫ್ಲೆಜೇರ್ ಎಂಬ 1,877 ಮೀಟರಿನ ನಿಲ್ದಾಣದವರೆಗೆ ಕುಳಿತು ಹೋಗಬಹುದು. ಆಗ ಏರಲು ಉಳಿಯುವುದು 475 ಮೀಟರ್. ಬೇಡಿಕೆಯ ನಿಯಮ ಇಲ್ಲೂ ನಡೆಯುತ್ತದೆ. ಬೆವರಿನ ಬೆಲೆ ಇಳಿದರೆ ಬರುವವರ ಸಂಖ್ಯೆ ಏರುತ್ತದೆ. ವಯಸ್ಸಾದವರು, ಮಕ್ಕಳು ಆ ನೋಟ ನೋಡಲಿ ಎಂಬುದು ಒಳ್ಳೆಯದೇ. ಆದರೆ ಜಾಗ ಮಾತ್ರ ಹಿಗ್ಗುವುದಿಲ್ಲ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಒಂದು ಪ್ರಸಿದ್ಧ ವಾದ ಮುಂದಿಟ್ಟರು. ಎಲ್ಲರಿಗೂ ತೆರೆದ ಹುಲ್ಲುಗಾವಲಿದ್ದರೆ ಪ್ರತಿಯೊಬ್ಬನೂ ಒಂದು ಹಸು ಹೆಚ್ಚು ಬಿಡುತ್ತಾನೆ. ಲಾಭ ಅವನಿಗೆ, ನಷ್ಟ ಎಲ್ಲರಿಗೆ. ಕೊನೆಗೆ ಹುಲ್ಲೇ ಉಳಿಯುವುದಿಲ್ಲ. ಅಮೆರಿಕದ ಎಲಿನಾರ್ ಆಸ್ಟ್ರಮ್ ಇದಕ್ಕೆ ಉತ್ತರವಾಗಿ ನಿಜವಾದ ಹಳ್ಳಿಗಳನ್ನು ಅಧ್ಯಯನ ಮಾಡಿದರು. 1990ರ ತಮ್ಮ ಪುಸ್ತಕದಲ್ಲಿ ಅವರು ಕೊಟ್ಟ ಒಂದು ಉದಾಹರಣೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿ. ಅದು ಇರುವ ವಲೈಸ್ ಪ್ರಾಂತ್ಯ ಶಮೋನಿ ಕಣಿವೆಯ ಆಚೆ ಬದಿಯಲ್ಲೇ ಇದೆ. ಆ ಹಳ್ಳಿಯವರು 1517ರಷ್ಟು ಹಿಂದೆಯೇ ಒಂದು ನಿಯಮ ಬರೆದಿಟ್ಟಿದ್ದರು. ಚಳಿಗಾಲದಲ್ಲಿ ತನ್ನ ಮೇವಿನಿಂದ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬಿಡಬೇಕು. ಬಳಸುವವರೇ ಕೂತು ಮಾಡಿದ ನಿಯಮ, ಅವರೇ ಕಾಯುತ್ತಿದ್ದ ನಿಯಮ. ಆ ಹುಲ್ಲುಗಾವಲು ಶತಮಾನಗಳ ಕಾಲ ಉಳಿಯಿತು. 2009ರಲ್ಲಿ ಆಸ್ಟ್ರಮ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಗೌರವ ಪಡೆದ ಮೊದಲ ಮಹಿಳೆ ಅವರು.

ನಮ್ಮ ರಾಜ್ಯದಲ್ಲೂ ಇದೇ ಪ್ರಶ್ನೆ ಎದ್ದಿದೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ಚಾರಣದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಅದರ ನಂತರ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಿ, ಮುಂಗಡ ಆನ್‌ಲೈನ್ ಬುಕಿಂಗ್ ಮೂಲಕ ದಿನಕ್ಕೆ ಇಂತಿಷ್ಟೇ ಜನ ಎಂಬ ವ್ಯವಸ್ಥೆ ತಂದಿತು. ಕೆಲವರು ಬೇಸರಪಟ್ಟರು. ಟೋರ್ಬೆಲ್ ಹಳ್ಳಿಯ ಲೆಕ್ಕ ತಿಳಿದವರು ಬೇಸರಪಡಲಾರರು.

10. ಕೊನೆಯದಾಗಿ ಒಂದು ಪದ

ನಮ್ಮ ಮನೆಯ ಮಾತು ಉರ್ದು. ಕನ್ನಡ ಮಾಧ್ಯಮದಲ್ಲಿ ಲೆಕ್ಕಶಾಸ್ತ್ರ ಓದುವಾಗ ನನಗೆ ಒಂದು ಅನುಕೂಲವಿದೆ. ಜಮಾ, ಖರ್ಚು, ಬಾಕಿ, ವಸೂಲಿ, ಮುದ್ದತು ಮುಂತಾದ ಪದಗಳು ಎರಡೂ ಭಾಷೆಗಳಲ್ಲಿವೆ. ಆದರೆ ಒಂದು ಪದ ಮಾತ್ರ ಬೇರೆ ದಾರಿ ಹಿಡಿದಿದೆ. ಕನ್ನಡ ಪತ್ರಿಕೆಯಲ್ಲಿ ‘ಅಮಾನತು’ ಎಂದರೆ ನೌಕರಿಯಿಂದ ತಾತ್ಕಾಲಿಕವಾಗಿ ತೆಗೆದಿಟ್ಟದ್ದು. ನಮ್ಮ ಅಮ್ಮಿಜಾನ್ ‘ಅಮಾನತ್’ ಎಂದರೆ ಬೇರೆಯವರು ನಂಬಿ ನಮ್ಮ ಬಳಿ ಇಟ್ಟ ವಸ್ತು. ಅದು ನಮ್ಮದಲ್ಲ. ನೋಡಬಹುದು, ಕಾಯಬಹುದು, ಕೇಳಿದಾಗ ಕೊಟ್ಟಾಗಲೇ ಜವಾಬ್ದಾರಿ ಮುಗಿಯುವುದು.

ಕಂಪನಿಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಮೀಸಲು ನಿಧಿ ಹೊಣೆಗಳ ಬದಿಯಲ್ಲಿ ಕಾಣುತ್ತದೆ ಏಕೆ ಎಂದು ನಾವು ತರಗತಿಯಲ್ಲಿ ಕೇಳಿದ್ದುಂಟು. ಹಣ ಇದ್ದರೂ ಅದು ಸಂಸ್ಥೆಯದಲ್ಲ, ಸಂಸ್ಥೆ ಬೇರೆಯವರಿಗೆ ಕೊಡಬೇಕಾದದ್ದು ಎಂಬುದು ಉತ್ತರ. ಎತ್ತರದ ಆ ಸರೋವರ, ಅದರ ದಡದ ಹುಲ್ಲು, ಬಿಲದೊಳಗಿನ ಮಾರ್ಮಟ್ ಎಲ್ಲವೂ ನಮ್ಮ ಲೆಕ್ಕದಲ್ಲಿ ಆಸ್ತಿಯ ಬದಿಗೆ ಬರುವುದಿಲ್ಲ. ಹೊಣೆಯ ಬದಿಗೆ ಬರುತ್ತವೆ. ಓಟಗಾರರ ಉಸಿರು, ಮನೆಯಲ್ಲಿ ಅವರಿಗಾಗಿ ಕಾಯುವವರು ಇರುವುದರಿಂದ ಅದೂ ಅದೇ ಬದಿಗೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಒಂದು ಬೆಟ್ಟದ ದಾರಿ 12 ಕಿ.ಮೀ., ಏರು 600 ಮೀಟರ್. ನೈಸ್ಮಿತ್ ನಿಯಮದಂತೆ ಎಷ್ಟು ಸಮಯ ಬೇಕು? ಶ್ರಮದ ಕಿಲೋಮೀಟರ್ ಎಷ್ಟು?

2. ಅದೇ ದಾರಿಯಲ್ಲಿ ಬೆಳಿಗ್ಗೆ 6ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ಮರಳಬೇಕು. ಇಳಿಯಲು 2 ಗಂಟೆ 30 ನಿಮಿಷ, ಮೀಸಲು 1 ಗಂಟೆ 15 ನಿಮಿಷ. ಹಿಂತಿರುಗುವ ಗಂಟೆ ಯಾವುದು?

3. ಪ್ರೊವಿಷನ್ ಮತ್ತು ಮೀಸಲಿಗೆ ನಿಮ್ಮ ದಿನನಿತ್ಯದ ಬದುಕಿನಿಂದ ಒಂದೊಂದು ಉದಾಹರಣೆ ಕೊಡಿ. ಪುಸ್ತಕದ ಉದಾಹರಣೆ ಬೇಡ.

4. ‘ಇಷ್ಟು ದೂರ ಬಂದಾಯಿತಲ್ಲ’ ಎಂಬ ಕಾರಣಕ್ಕೆ ಮಾತ್ರ ನೀವು ಮುಂದುವರಿಸುತ್ತಿರುವ ಕೆಲಸ ಯಾವುದಾದರೂ ಇದೆಯೇ? ಅದರ ಮುಂದಿನ ಖರ್ಚು ಮತ್ತು ಮುಂದಿನ ಲಾಭವನ್ನು ಎರಡು ಬದಿಯಲ್ಲಿ ಬರೆಯಿರಿ. ಇದರ ಉತ್ತರವನ್ನು ಯಾರಿಗೂ ತೋರಿಸಬೇಕಿಲ್ಲ.

ಮೊದಲ ಮೂರರ ಉತ್ತರಗಳನ್ನು ನೋಟ್ ಪುಸ್ತಕದ ಹಾಳೆಯಲ್ಲಿ ಬರೆದು ಸಂಪಾದಕ ಬಳಗಕ್ಕೆ ಕೊಡಿ. ಮುಂದಿನ ಸಂಚಿಕೆಯಲ್ಲಿ ತಾಳೆ ನೋಡೋಣ.